ಕ್ಯಾರವಾನ್ ಪ್ರವಾಸದ ಮರುಪಯಣ: ಮನೆ ಮುಟ್ಟುವ ಮೊದಲೇ ಮುಗಿಸಬೇಕಾದ ಕೆಲಸಗಳು

ಕಾರಿನ ಹಿಂದೆ ಮನೆಗಾಡಿ, ಅಂದರೆ ಕ್ಯಾರವಾನ್, ಕಟ್ಟಿಕೊಂಡು ಆಸ್ಟ್ರೇಲಿಯಾ ಸುತ್ತಿ ಬಂದ ಕನ್ನಡ ಕುಟುಂಬಗಳೊಡನೆ ಮಾತಿಗೆ ಕೂತಾಗಲೆಲ್ಲ ನನಗೆ ಒಂದೇ ಸಂಕಟ. ಹೊರಡುವ ಸಿದ್ಧತೆಗೆ ಇಡೀ ವರ್ಷ ಕೊಟ್ಟವರು ಮರಳುವ ಸಿದ್ಧತೆಗೆ ಒಂದು ದಿನವನ್ನೂ ಕೊಟ್ಟಿರುವುದಿಲ್ಲ. ಕೊನೆಯ ಎರಡು ಸಾವಿರ ಕಿಲೋಮೀಟರನ್ನು ಮೂರೇ ದಿನದಲ್ಲಿ ಓಡಿಸಿ, ನಡುರಾತ್ರಿ ಮನೆ ಸೇರಿ, ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ. ತಿಂಗಳಾದ ಮೇಲೆ ಪ್ರವಾಸ ಹೇಗಿತ್ತೆಂದು ಕೇಳಿದರೆ 'ಚೆನ್ನಾಗಿತ್ತು' ಎಂಬ ಒಂದೇ ಮಾತು. ಅಷ್ಟರಲ್ಲಿ ಅಂಗಳದಲ್ಲಿ ನಿಂತ ಕ್ಯಾರವಾನಿನೊಳಗೆ ಬೂಷ್ಟು ಹಿಡಿದಿರುತ್ತದೆ.

ತೊಂದರೆ ಇರುವುದು ಕೆಲಸಗಳ ಕ್ರಮದಲ್ಲಿ. ಯಾವ ಸೀಲು ಬಿಟ್ಟಿದೆ, ಯಾವ ಸಾಮಾನು ಬೇಡವಾಗಿತ್ತು, ಯಾವ ಬೆಳಗು ಮನಸ್ಸಿನಲ್ಲಿ ಉಳಿದಿದೆ ಎಂಬುದಕ್ಕೆಲ್ಲ ಗುರುತುಗಳು ಮರುದಾರಿಯಲ್ಲಿ ಇನ್ನೂ ಹಸಿಯಾಗಿರುತ್ತವೆ. ಒರೆಸಿದರೆ ಧೂಳಿನ ಗುರುತು ಹೋಯಿತು, ಸಾಮಾನು ಇಳಿಸಿದರೆ ತೂಕದ ಗುರುತು ಹೋಯಿತು, ಎಲ್ಲರೂ ಒಟ್ಟಿಗೆ ಮಾತನಾಡಿದರೆ ಒಬ್ಬೊಬ್ಬರ ಸ್ವಂತ ನೆನಪು ಹೋಯಿತು. ಆದ್ದರಿಂದ ಒಂದು ಗುರುತು ಅಳಿಯುವ ಮುನ್ನ ಅದನ್ನು ಓದಿಕೊಳ್ಳುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ.

ಉದಾಹರಣೆಗೆ ನಾವೇ ಬಂದ ದಾರಿಯನ್ನು ಇಟ್ಟುಕೊಂಡಿದ್ದೇನೆ: ಪಶ್ಚಿಮ ಆಸ್ಟ್ರೇಲಿಯಾದ ನಾರ್ಸ್‌ಮನ್‌ನಿಂದ ಐರ್ ಹೆದ್ದಾರಿ ಹಿಡಿದು ನಲ್ಲಾರ್ಬರ್ ಬಯಲು ದಾಟಿ, ಪೋರ್ಟ್ ಆಗಸ್ಟಾ, ಅಡಿಲೇಡ್ ಮೂಲಕ ಮೆಲ್ಬರ್ನ್. ಸುಮಾರು 2,700 ಕಿ.ಮೀ. ವಾಹನದಲ್ಲಿ ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು ಮತ್ತು ಅರಸೀಕೆರೆಯಿಂದ ಬಂದಿದ್ದ ಅಮ್ಮ.

ಮೊದಲೇ ತೆಗೆದಿಟ್ಟುಕೊಳ್ಳಬೇಕಾದ ಸಾಮಾನು

ಇನ್ನೂರು ಪುಟದ ಗೆರೆ ಹಾಕಿದ ಒಂದು ಪುಸ್ತಕ, ಪ್ರತಿಯೊಬ್ಬರಿಗೂ ಬೇರೆ ಬೇರೆ ಚಿಕ್ಕ ನೋಟ್‌ಬುಕ್, ಪೆನ್ಸಿಲ್. ಮಡಚುವ ಕಾಗದದ ರಸ್ತೆ ನಕಾಶೆ. ಬಣ್ಣ ಬಳಿಯುವವರು ಬಳಸುವ, ಕಿತ್ತರೆ ಗುರುತು ಉಳಿಯದ ಕಾಗದದ ಅಂಟುಪಟ್ಟಿ. ಟೈರಿನ ಗಾಳಿ ಅಳೆಯುವ ಗೇಜ್, ನಟ್ಟನ್ನು ಗೊತ್ತಾದ ಅಳತೆಗೆ ಬಿಗಿಮಾಡುವ ಟಾರ್ಕ್ ವ್ರೆಂಚ್, ಟಾರ್ಚ್. ಎರಡು ಹಾರ್ಡ್ ಡಿಸ್ಕ್. ರಸೀದಿ ತುಂಬಿಡಲು ಒಂದು ದಪ್ಪ ಲಕೋಟೆ.

ಮೊಬೈಲ್ ಒಂದನ್ನೇ ನಂಬಬೇಡಿ. ಐರ್ ಹೆದ್ದಾರಿಯ ಉದ್ದಕ್ಕೂ ಸಿಗ್ನಲ್ ಇಲ್ಲದ ದೊಡ್ಡ ದೊಡ್ಡ ತುಂಡುಗಳಿವೆ. ಅಲ್ಲದೆ ಮೊಬೈಲಿನಲ್ಲಿ ಬರೆದ ಟಿಪ್ಪಣಿಯನ್ನು ಆಮೇಲೆ ಯಾರೂ ತೆರೆಯುವುದಿಲ್ಲ. ಪುಸ್ತಕವಾದರೆ ಮೇಜಿನ ಮೇಲೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಹಂತ 1: ಮರುಪಯಣ ಶುರುವಾಗುವ ಊರನ್ನು ಗೊತ್ತುಮಾಡಿ

ಯಾರೂ ಬಾಯಿಬಿಟ್ಟು ಹೇಳದಿದ್ದರೆ ಮರುಪಯಣ ಒಳಗೊಳಗೇ ಶುರುವಾಗಿಬಿಡುತ್ತದೆ. ಚಾಲಕನ ತಲೆಯಲ್ಲಿ ಮನೆ ಹೊಕ್ಕ ಕ್ಷಣದಿಂದ ದಿನದ ಓಟ ಉದ್ದವಾಗುತ್ತ ಹೋಗುತ್ತದೆ. ಹಿಂದೆ ಕೂತವರಿಗೆ ಯಾಕೆಂದು ತಿಳಿಯುವುದಿಲ್ಲ. ಅದಕ್ಕೇ 'ಇಲ್ಲಿಂದ ನಾವು ಮನೆಯ ಕಡೆಗೆ' ಎಂದು ಒಂದು ಊರನ್ನು ಎಲ್ಲರ ಮುಂದೆ ಹೇಳಿ, ಅಲ್ಲಿ ಎರಡು ರಾತ್ರಿ ನಿಲ್ಲಿ. ನಮಗೆ ಅದು ನಾರ್ಸ್‌ಮನ್.

ಅಲ್ಲಿಯೇ ದಿನಗಳನ್ನು ಹಂಚಿ. ದಿನಕ್ಕೆ 300 ಕಿ.ಮೀ. ಮೀರಬಾರದು, ಮಧ್ಯಾಹ್ನ ಮೂರರೊಳಗೆ ನಿಂತಿರಬೇಕು. ನಾರ್ಸ್‌ಮನ್‌ನಿಂದ ಬಲ್ಲಾಡೋನಿಯಾಗೆ ಸುಮಾರು 190 ಕಿ.ಮೀ.; ಅಲ್ಲಿಂದ ಕೈಗೂನಾ ದಾಟಿ ಕಾಕಲ್‌ಬಿಡ್ಡಿಗೆ 250; ಮದುರಾ, ಮಂಡ್ರಬಿಲ್ಲಾ ಮೂಲಕ ಯೂಕ್ಲಾಗೆ 275; ಗಡಿ ದಾಟಿ ನಲ್ಲಾರ್ಬರ್ ರೋಡ್‌ಹೌಸಿಗೆ (ಹೆದ್ದಾರಿ ಬದಿಯ ಪೆಟ್ರೋಲ್ ಪಂಪು, ಊಟ, ತಂಗುದಾಣ) 200; ಸೆಡೂನಾಗೆ 300. ಹೀಗೆ ಐದು ದಿನ. ಸೆಡೂನಾದಿಂದ ಪೋರ್ಟ್ ಆಗಸ್ಟಾವರೆಗಿನ 465 ಕಿ.ಮೀ. ದಾರಿಯನ್ನು ವುಡಿನ್ನಾದಲ್ಲೋ ಕಿಂಬಾದಲ್ಲೋ ಮುರಿದುಕೊಳ್ಳಿ.

ಇಲ್ಲಿ ಪದೇ ಪದೇ ಆಗುವ ತಪ್ಪು ಗಡಿಯಾರದ್ದು. ಪೂರ್ವಕ್ಕೆ ಬರುವಾಗ ಕೈಗೂನಾದ ಆಚೆ ಗಡಿಯಾರವನ್ನು 45 ನಿಮಿಷ ಮುಂದಕ್ಕೆ ಇಡುವುದು ಅಲ್ಲಿನ ರೂಢಿ. ದಕ್ಷಿಣ ಆಸ್ಟ್ರೇಲಿಯಾದ ಗಡಿಯಲ್ಲಿ ಇನ್ನೊಂದು 45 ನಿಮಿಷ. ಬೇಸಿಗೆಯಾದರೆ ಅದರ ಮೇಲೆ ಮತ್ತೊಂದು ಗಂಟೆ. ಇದನ್ನು ಲೆಕ್ಕಕ್ಕೆ ಹಿಡಿಯದವರ ಮಧ್ಯಾಹ್ನ ಕೈಬಿಟ್ಟುಹೋಗಿ, ಕಾಂಗರೂಗಳು ರಸ್ತೆಗಿಳಿಯುವ ಮುಸ್ಸಂಜೆಯಲ್ಲಿ ಓಡಿಸಬೇಕಾಗುತ್ತದೆ. ಈ ಹೆದ್ದಾರಿಯಲ್ಲಿ ವಾಂಬ್ಯಾಟ್ ಮತ್ತು ಒಂಟೆಗಳೂ ಅಡ್ಡ ಬರುತ್ತವೆ. ಮೂರು ಟನ್ ಕ್ಯಾರವಾನ್ ಬೆನ್ನಿಗಿರುವಾಗ ಒಂಟೆಯನ್ನು ಕಂಡು ಥಟ್ಟನೆ ನಿಲ್ಲಿಸಲು ಆಗುವುದಿಲ್ಲ.

ಎಚ್ಚರಿಕೆಯ ಗುರುತು: 'ಇವತ್ತು ಇನ್ನೊಂದು ನೂರು ಹೊಡೆದುಬಿಡೋಣ' ಎಂಬ ಮಾತು ಎರಡನೆಯ ಸಲ ಬಂದರೆ, ಮಾರನೆಯ ದಿನ ವಾಹನ ಕದಲಿಸಬೇಡಿ.

ಹಂತ 2: ಮಾತಿಗೆ ಮೊದಲು ಚಕ್ರ

ನೆನಪಿನ ಕೆಲಸಕ್ಕೆ ಮನಸ್ಸು ಹಗುರವಾಗಿರಬೇಕು. ಚಕ್ರದ ಬಗ್ಗೆ ಅನುಮಾನವಿದ್ದರೆ ಮನಸ್ಸು ಹಗುರವಾಗುವುದಿಲ್ಲ. ಹದಿನೈದು ಸಾವಿರ ಕಿ.ಮೀ. ಕಂಡ ಕ್ಯಾರವಾನಿನ ಭಾಗಗಳು ಸವೆದಿರುವುದೂ ಈ ಕೊನೆಯ ತುಂಡಿನಲ್ಲಿಯೇ.

ನಾರ್ಸ್‌ಮನ್‌ನಲ್ಲಿ ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಗಾಳಿ ನೋಡಿ. ಟೈರಿನ ಹೊರಮೈ ಮಾತ್ರ ನೋಡಿ ಏಳಬೇಡಿ; ಕೆಳಗೆ ಬಗ್ಗಿ ಒಳ ಅಂಚನ್ನೂ ನೋಡಿ. ಸವೆತ ಹೆಚ್ಚಾಗಿ ಅಲ್ಲಿಯೇ ಅಡಗಿರುತ್ತದೆ. ವೀಲ್ ನಟ್‌ಗಳನ್ನು ಟಾರ್ಕ್ ವ್ರೆಂಚಿನಿಂದ, ತಯಾರಕರು ಹೇಳಿದ ಅಳತೆಗೆ ಬಿಗಿಮಾಡಿ. ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಲೇಬೇಕು. ಬೇರಿಂಗಿಗೆ ಗ್ರೀಸ್ ಹಾಕಿಸಿ ಹತ್ತು ಸಾವಿರ ಕಿ.ಮೀ. ದಾಟಿದ್ದರೆ ಬಯಲಿಗೆ ಇಳಿಯುವ ಮುನ್ನವೇ ಆ ಕೆಲಸ ಮುಗಿಸಿಕೊಳ್ಳಿ.

ಪ್ರತಿ ನಿಲುಗಡೆಯಲ್ಲಿ ಚಕ್ರಗಳ ನಡುಗುಂಬ, ಅಂದರೆ ಎಲ್ಲ ಹಬ್‌ಗಳ ಹತ್ತಿರ ಹಿಂಗೈ ಹಿಡಿದು ಬಿಸಿ ನೋಡಿ. ಎಲ್ಲವೂ ಒಂದೇ ಹದದಲ್ಲಿ ಬೆಚ್ಚಗಿದ್ದರೆ ಸರಿ. ಒಂದೇ ಒಂದು ಹೆಚ್ಚು ಬಿಸಿಯಾಗಿದ್ದರೆ ಬೇರಿಂಗ್ ಕೆಟ್ಟಿದೆ ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಮುಂದಿನ ಊರಿನಲ್ಲಿ ನೋಡೋಣ ಎನ್ನುವ ಹಾಗಿಲ್ಲ, ಏಕೆಂದರೆ ಇಲ್ಲಿ ಮುಂದಿನ ಊರು ಎಂದರೆ ಒಂದು ಪೆಟ್ರೋಲ್ ಪಂಪು ಮತ್ತು ಒಂದು ಕ್ಯಾಂಟೀನು.

ಮರುದಾರಿಗೇ ಸೇರಿದ ಇನ್ನೊಂದು ಅಪಾಯ ತೂಕದ್ದು. ಹೊರಡುವಾಗ ಎಲ್ಲರೂ ತೂಕ ಸರಿಮಾಡಿಕೊಂಡೇ ಹೊರಡುತ್ತಾರೆ. ಬರುವಷ್ಟರಲ್ಲಿ ಮುಂಭಾಗದ ದಿನಸಿ ಖಾಲಿಯಾಗಿರುತ್ತದೆ. ದಾರಿಯಲ್ಲಿ ಕೊಂಡದ್ದು, ಹೆಕ್ಕಿದ್ದು, ಮಡಚುವ ಕುರ್ಚಿಗಳು ಎಲ್ಲ ಹಿಂಭಾಗ ಸೇರಿರುತ್ತವೆ. ಕ್ಯಾರವಾನನ್ನು ಕಾರಿಗೆ ಸಿಕ್ಕಿಸುವ ಗುಂಡು, ಅಂದರೆ ಟೋ ಬಾಲ್ ಮೇಲೆ ಬೀಳುವ ಭಾರ ಸಾಮಾನ್ಯವಾಗಿ ಕ್ಯಾರವಾನಿನ ತೂಕದ ಹತ್ತನೇ ಒಂದು ಪಾಲಿನಷ್ಟಿರಬೇಕು. ಅದು ಕುಗ್ಗಿದರೆ ಕ್ಯಾರವಾನ್ ಹಾವಿನಂತೆ ಓಲಾಡಲು ಶುರುಮಾಡುತ್ತದೆ. ಭಾರವಾದ ಸಾಮಾನನ್ನು ತಂದು ಅಚ್ಚಿನ ಹತ್ತಿರ, ನೆಲಮಟ್ಟದಲ್ಲಿ ಇಡಿ.

ಓಲಾಟ ಬಂದರೆ ಬ್ರೇಕ್ ಪೆಡಲ್ ಒತ್ತಬೇಡಿ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಕ್ಯಾರವಾನಿನ ಬ್ರೇಕನ್ನು ಮಾತ್ರ ಕೈ ನಿಯಂತ್ರಣದಿಂದ ಮೆಲ್ಲಗೆ ಹಾಕಿ. ಹಲವು ಟ್ರೇಲರ್ ಎಳೆಯುವ ಉದ್ದ ಲಾರಿ, ಅಂದರೆ ರೋಡ್ ಟ್ರೈನ್, ಹಿಂದಿನಿಂದ ಬರುವಾಗ ಈ ಓಲಾಟ ಹೆಚ್ಚು. ಯುಎಚ್‌ಎಫ್ ರೇಡಿಯೋವನ್ನು ಲಾರಿಯವರು ಮಾತನಾಡುವ 40ನೇ ಚಾನೆಲ್‌ನಲ್ಲಿ ಇಟ್ಟುಕೊಂಡಿದ್ದರೆ ಅವರೇ ಮುಂಚೆ ತಿಳಿಸುತ್ತಾರೆ.

ಹಂತ 3: ಒರೆಸುವ ಮೊದಲು ಧೂಳನ್ನು ಓದಿ

ಈ ಹಂತವನ್ನು ಬಿಟ್ಟವರೇ ಹೆಚ್ಚು. ಮನೆಗೆ ಕೊಳಕು ಗಾಡಿ ತರಬಾರದೆಂದು ದಾರಿಯಲ್ಲೇ ತೊಳೆದುಬಿಡುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ಭಾಗದ ಕಿಂಬರ್ಲಿಯ, ಪಿಲ್ಬರಾದ ಕೆಂಪು ಧೂಳು ಕೊಳಕಲ್ಲ. ನಿಮ್ಮ ಕ್ಯಾರವಾನ್ ಎಲ್ಲೆಲ್ಲಿ ಬಿಟ್ಟುಕೊಂಡಿದೆ ಎಂದು ತೋರಿಸುವ ನಕ್ಷೆ ಅದು.

ಒಂದು ಇಡೀ ಮಧ್ಯಾಹ್ನ ಇದಕ್ಕೆ ಕೊಡಿ. ಬಾಗಿಲಿನಿಂದ ಶುರುಮಾಡಿ, ಬಲಕ್ಕೆ ಸುತ್ತುತ್ತ, ದೇವಸ್ಥಾನದ ಪ್ರದಕ್ಷಿಣೆಯ ಹಾಗೆ, ಒಳಗೊಂದು ಸುತ್ತು ಹೊರಗೊಂದು ಸುತ್ತು ಬನ್ನಿ. ಕಪಾಟಿನ ಹಿಂದೆ, ಹಾಸಿಗೆಯ ಕೆಳಗೆ, ಕಿಟಕಿಯ ಮೂಲೆಯಲ್ಲಿ ಟಾರ್ಚ್ ಬಿಡಿ. ಧೂಳು ಗೆರೆಯಾಗಿ ಕೂತಿದ್ದರೆ ಆ ಗೆರೆಯ ತುದಿಯಲ್ಲಿ ರಬ್ಬರ್ ಪಟ್ಟಿ ಸವೆದಿರುತ್ತದೆ, ಇಲ್ಲವೇ ತಂತಿ ಹೋಗುವ ರಂಧ್ರ ತೆರೆದಿರುತ್ತದೆ. ಧೂಳು ನುಗ್ಗಿದ ದಾರಿಯಲ್ಲಿ ನೀರೂ ನುಗ್ಗುತ್ತದೆ. ಅಲ್ಲಿ ಅಂಟುಪಟ್ಟಿ ಹಚ್ಚಿ, ಸಂಖ್ಯೆ ಬರೆದು, ಫೋಟೋ ತೆಗೆದು, ಆಮೇಲೆ ಒರೆಸಿ.

ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ಮೂರು ವಿಷಯ ಬರೆಯಿರಿ: ಎಲ್ಲಿ, ಮೊದಲು ಯಾವಾಗ ಕಂಡಿತು, ದಾರಿಯಲ್ಲಿ ಏನು ಮಾಡಿಕೊಂಡೆವು. 'ಬಾಗಿಲಿನಿಂದ ಶಬ್ದ' ಎಂದು ಬರೆದರೆ ಸಾಲದು. 'ಮಲಗುವ ಕಡೆಯ ಮೇಲಿನ ಬಲ ಕಪಾಟು, 80 ಕಿ.ಮೀ. ವೇಗದಲ್ಲಿ ಮಾತ್ರ ಕಿರಗುಡುತ್ತದೆ, ಗಿಬ್ ರಿವರ್ ರಸ್ತೆಯಿಂದ ಈಚೆಗೆ, ಬಟ್ಟೆ ತುರುಕಿದರೆ ನಿಲ್ಲುತ್ತದೆ' ಎಂದು ಬರೆಯಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮೊದಲ ದೀರ್ಘ ಪ್ರವಾಸದ ನಂತರ ವರ್ಕ್‌ಶಾಪಿನವರು 'ಎಲ್ಲಿ ಸೋರುತ್ತದೆ?' ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಗಾಡಿ ತೊಳೆದು ತಿಂಗಳಾಗಿತ್ತು. ಅವರು ಊಹೆಯ ಮೇಲೆ ಒಂದು ಕಿಟಕಿಗೆ ಸೀಲ್ ಹಾಕಿಕೊಟ್ಟರು. ಸೋರುತ್ತಿದ್ದದ್ದು ಮೂಲೆಯ ಜೋಡಣೆ. ಮೆಲ್ಬರ್ನಿನ ಚಳಿಗಾಲ ಮುಗಿಯುವಷ್ಟರಲ್ಲಿ ಕಪಾಟಿನ ಹಿಂದಿನ ಪ್ಲೈವುಡ್ ಒದ್ದೆ ರೊಟ್ಟಿಯಂತೆ ಮೆತ್ತಗಾಗಿತ್ತು. ಗೋಡೆಯ ಆ ಭಾಗವನ್ನೇ ಬಿಚ್ಚಿಸಬೇಕಾಯಿತು.

ಎಚ್ಚರಿಕೆಯ ಗುರುತುಗಳು: ಬಾಗಿಲು ತೆರೆದ ಕೂಡಲೇ ಹಳೆಯ ಗೋಣಿಚೀಲದ ವಾಸನೆ. ಬೆರಳಿನಿಂದ ಒತ್ತಿದರೆ ತಗ್ಗುವ ಗೋಡೆ. ಕಿಟಕಿಯ ಕೆಳಗೆ ಚಹಾ ಬಣ್ಣದ ಕಲೆ. ಇವುಗಳಲ್ಲಿ ಒಂದು ಕಂಡರೂ ಪಟ್ಟಿಯ ಮೊದಲ ಸಾಲಿಗೆ ಏರಿಸಿ.

ಹಂತ 4: ನೆನಪಿನ ಕೆಲಸ — ಮೊದಲು ಒಬ್ಬೊಬ್ಬರೇ, ಆಮೇಲೆ ಒಟ್ಟಿಗೆ

ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತ್ಯಂತ ಮುಖ್ಯವಾದದ್ದು ಇದು. ಜನ ಇದರಲ್ಲಿ ಸೋಲುವುದು ಒಂದೇ ಕಾರಣಕ್ಕೆ: ಊಟದ ಮೇಜಿನಲ್ಲಿ ಕೂತು 'ಎಲ್ಲಕ್ಕಿಂತ ಯಾವುದು ಇಷ್ಟವಾಯಿತು?' ಎಂದು ಕೇಳುತ್ತಾರೆ. ಮೊದಲು ಉತ್ತರಿಸಿದವರು ನಡು ಆಸ್ಟ್ರೇಲಿಯಾದ ಹೆಬ್ಬಂಡೆ 'ಉಲುರು' ಎಂದರೆ ಉಳಿದವರ ತಲೆಯಲ್ಲೂ ಉಲುರು ಎದ್ದು ನಿಲ್ಲುತ್ತದೆ. ಮಗು ಹೇಳಬೇಕೆಂದಿದ್ದ ಸಣ್ಣ ಸಂಗತಿ ಅಲ್ಲಿಗೇ ಮುಳುಗುತ್ತದೆ. ಒಮ್ಮೆ ಮುಳುಗಿದ್ದು ಮತ್ತೆ ಏಳುವುದು ಕಡಿಮೆ.

ಮೊದಲ ಸಂಜೆ: ರಾತ್ರಿಗಳ ಪಟ್ಟಿ. ಎಲ್ಲಿ ಮಲಗಿದೆವು ಎಂಬುದನ್ನಷ್ಟೇ ದಿನಾಂಕದೊಡನೆ ಬರೆಯಿರಿ. ಮನೆಯಿಂದ ಶುರುಮಾಡಬೇಡಿ, ನಿನ್ನೆಯ ರಾತ್ರಿಯಿಂದ ಹಿಂದಕ್ಕೆ ಹೋಗಿ. ಹಿಂದಕ್ಕೆ ಹೋಗುವಾಗ ಒಂದು ರಾತ್ರಿ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಸಿಕ್ಕಿಕೊಂಡರೆ ರಸೀದಿಯ ಲಕೋಟೆಯನ್ನೂ ಫೋಟೋದ ದಿನಾಂಕವನ್ನೂ ನೋಡಿ. ನಮ್ಮ ಪಟ್ಟಿಯಲ್ಲಿ ನಾಲ್ಕು ರಾತ್ರಿಗಳು ಯಾರಿಗೂ ನೆನಪಿರಲಿಲ್ಲ. ಕ್ಯಾಥರೀನ್ ಎಂಬ ಊರಿನ ಒಂದು ಲಾಂಡ್ರಿಯ ರಸೀದಿ ಸಿಕ್ಕ ಕೂಡಲೇ ನಾಲ್ಕೂ ಒಟ್ಟಿಗೆ ಮರಳಿ ಬಂದವು.

ನಕಾಶೆಯಲ್ಲಿ ಆ ಊರುಗಳನ್ನು ಚುಕ್ಕಿಯಿಟ್ಟು ಸೇರಿಸಿ. ಚುಕ್ಕಿಯ ಪಕ್ಕದಲ್ಲಿ ಆ ನೆಲ ಯಾವ ಮೂಲನಿವಾಸಿಗಳದ್ದೋ ಅವರ ಹೆಸರನ್ನೂ ಬರೆಯಿರಿ: ಉಲುರುವಿನ ಪಕ್ಕ ಅನಂಗು, ಯೂಕ್ಲಾ ಕರಾವಳಿಯ ಪಕ್ಕ ಮಿರ್ನಿಂಗ್. ಊರೂರಿನ ಸ್ವಾಗತ ಫಲಕಗಳಲ್ಲಿ ಈ ಹೆಸರುಗಳಿರುತ್ತವೆ. ಫೋಟೋಗಳಲ್ಲಿ ಹುಡುಕಿದರೆ ಸಿಗುತ್ತವೆ. ತಿಂಗಳುಗಟ್ಟಲೆ ಯಾರ ನೆಲದಲ್ಲಿ ಮಲಗಿದ್ದೆವೋ ಅವರ ಹೆಸರು ನಮ್ಮ ಲೆಕ್ಕದಲ್ಲಿ ಇಲ್ಲದಿರುವುದು ಸರಿಯಲ್ಲ.

ಎರಡನೆಯ ಸಂಜೆಯಿಂದ: ಒಬ್ಬೊಬ್ಬರೇ ಬರೆಯುವುದು. ಬಲ್ಲಾಡೋನಿಯಾ ಮತ್ತು ಕೈಗೂನಾ ನಡುವೆ 146.6 ಕಿ.ಮೀ. ಉದ್ದದ, ಒಂದೇ ಒಂದು ತಿರುವಿಲ್ಲದ ರಸ್ತೆ ಇದೆ. ಅದನ್ನು ನಾವು ಮೌನದ ದಾರಿ ಎಂದು ಗೊತ್ತುಮಾಡಿದೆವು. ಹಾಡಿಲ್ಲ, ಮಾತಿಲ್ಲ. ಎರಡು ಗಂಟೆ ಎಲ್ಲರೂ ಕಿಟಕಿಯಾಚೆ ನೋಡುತ್ತ ಕೂತರು. ಚಾಲಕನಿಗೆ ತೂಕಡಿಕೆ ಬರುವ ಲಕ್ಷಣ ಕಂಡರೆ ಮೌನವನ್ನು ಅಲ್ಲಿಗೇ ನಿಲ್ಲಿಸಿ, ವಾಹನವನ್ನೂ ನಿಲ್ಲಿಸಿ. ರಸ್ತೆಯ ಮೇಲೆ ದಪ್ಪ ಬಿಳಿ ಪಟ್ಟೆ ಬಳಿದ ಜಾಗಗಳು ಕಂಡರೆ ಅವು ಫ್ಲೈಯಿಂಗ್ ಡಾಕ್ಟರ್, ಅಂದರೆ ದೂರದ ರೋಗಿಗಳಿಗೆ ವೈದ್ಯರನ್ನು ತರುವ ಸೇವೆಯ, ವಿಮಾನ ಇಳಿಯುವ ತಾಣಗಳು, ಅಲ್ಲಿ ಮಾತ್ರ ನಿಲ್ಲಿಸಬೇಡಿ. ಆ ಸಂಜೆ ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದರು. ಒಬ್ಬರದ್ದನ್ನು ಇನ್ನೊಬ್ಬರು ನೋಡುವಂತಿಲ್ಲ.

ಬರೆಯಲು ಪ್ರಶ್ನೆ ಬೇಕಾಗುತ್ತದೆ. 'ಇಷ್ಟ', 'ಅತಿ', 'ಎಲ್ಲಕ್ಕಿಂತ' ಎಂಬ ಪದಗಳಿರುವ ಪ್ರಶ್ನೆಗಳನ್ನು ಪೂರ್ತಿ ಬಿಡಿ. ನಮಗೆ ಕೆಲಸಕ್ಕೆ ಬಂದವು ಇವು:

ಯಾವ ಬೆಳಿಗ್ಗೆ ಆ ಜಾಗ ಬಿಟ್ಟು ಹೊರಡಲು ಮನಸ್ಸಾಗಲಿಲ್ಲ?
ಎಲ್ಲಿ ಹೆದರಿಕೆಯಾಯಿತು, ಅದನ್ನು ಯಾರಿಗೂ ಹೇಳಲಿಲ್ಲವೇ?
ಯಾರು ಏನು ಕೊಟ್ಟರು? ನೀರು, ಸ್ಪ್ಯಾನರ್, ಒಂದು ಮಾತು, ಏನಾದರೂ.
ಯಾವ ವಾಸನೆ ಈಗಲೂ ಮೂಗಿನಲ್ಲಿದೆ?
ಯಾವ ದಿನ ಮನೆಗೆ ಹೋಗಿಬಿಡೋಣ ಅನ್ನಿಸಿತು?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಕೆಟ್ಟ ದಿನಗಳನ್ನು ಬರೆಯದ ಪ್ರವಾಸದ ಪುಸ್ತಕ ಆರು ತಿಂಗಳಲ್ಲಿ ಸಪ್ಪೆಯಾಗುತ್ತದೆ. ನನ್ನ ಹೆಂಡತಿ ಎರಡು ಪುಟ ಬರೆದದ್ದು ಪೋರ್ಟ್ ಹೆಡ್‌ಲ್ಯಾಂಡಿನ ಒಂದು ಸಂಜೆಯ ಬಗ್ಗೆ. ಒಗೆದು ಒಣಹಾಕಿದ ಬಟ್ಟೆಯೆಲ್ಲ ಕೆಂಪಗಾಗಿ, ನಾವಿಬ್ಬರೂ ಜಗಳವಾಡಿ, ಅವಳು ಒಬ್ಬಳೇ ಸಮುದ್ರದ ದಂಡೆಯಲ್ಲಿ ನಡೆದು ಬಂದಿದ್ದಳು. ಅಷ್ಟು ದಿನ ದಾರಿಯುದ್ದಕ್ಕೂ ಅಡುಗೆ, ಬಟ್ಟೆ, ಮಗಳ ಪಾಠ ಎಲ್ಲವೂ ತನ್ನ ತಲೆಯ ಮೇಲೆಯೇ ಇತ್ತೆಂದು ಅವಳು ಬರೆದಿದ್ದನ್ನು ಓದಿದಾಗ ನನಗೆ ತಿಳಿಯಿತು. ಅದು ಬರೆದಿಟ್ಟಿರದಿದ್ದರೆ ಮುಂದಿನ ಪ್ರವಾಸದಲ್ಲೂ ಹಾಗೆಯೇ ನಡೆಯುತ್ತಿತ್ತು.

ಬರೆಯಲು ಕಷ್ಟಪಡುವ ಹಿರಿಯರಿದ್ದರೆ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ದಿನವೂ ಐದು ನಿಮಿಷ ಸಾಕು, ಒಂದೇ ಹೊತ್ತಿನಲ್ಲಿ. ಕಡತಕ್ಕೆ ಆಗಲೇ ದಿನಾಂಕ ಮತ್ತು ಊರಿನ ಹೆಸರಿಡಿ. ಹೆಸರಿಡದೆ ಬಿಟ್ಟರೆ ಮುಂದೆ ಹುಡುಕಿ ಸಿಗುವುದಿಲ್ಲ. ಈ ಹೆದ್ದಾರಿಯಲ್ಲಿ ನಿಜವಾಗಿ ಮರವಿಲ್ಲದ ಬಯಲು ನಲ್ಲಾರ್ಬರ್ ರೋಡ್‌ಹೌಸಿನ ಆಸುಪಾಸಿನಲ್ಲಿ ಮಾತ್ರ. ಉಳಿದ ಕಡೆ ಕುರುಚಲು ಮರಗಳಿವೆ. ಆ ಬಯಲಿನಲ್ಲಿ ಇಳಿದು ನಿಂತ ಅಮ್ಮ, 'ಇಲ್ಲಿ ನಮ್ಮ ಗಾಡಿಯ ನೆರಳು ಬಿಟ್ಟರೆ ಬೇರೆ ನೆರಳೇ ಇಲ್ಲವಲ್ಲ ಮಗು' ಎಂದರು. ಹಿಂದೆ ಗಾಳಿಯ ಸದ್ದು. ಈಗ ಅವರು ಅರಸೀಕೆರೆಯಲ್ಲಿದ್ದಾರೆ, ಆ ಐದು ನಿಮಿಷ ನಮ್ಮ ಬಳಿ ಇದೆ.

ಮೂರನೆಯ ಹೆಜ್ಜೆ: ಓದಿ ಹೇಳುವುದು. ಎಲ್ಲರೂ ಬರೆದಾದ ಮೇಲೆ, ಒಂದು ಸಂಜೆ ಓದಿ ಹೇಳಿ. ಕಿರಿಯರಿಂದ ಶುರುವಾಗಲಿ. ತಿದ್ದಬೇಡಿ. 'ಅದು ಡರ್ಬಿ ಅಲ್ಲ, ಕುನನುರ್ರ' ಎಂದು ನಡುವೆ ಬಾಯಿ ಹಾಕಿದರೆ ಮಗು ಪುಸ್ತಕ ಮುಚ್ಚುತ್ತದೆ. ಊರಿನ ಹೆಸರನ್ನು ಆಮೇಲೆ ನೋಡಿಕೊಳ್ಳಬಹುದು. ನಮ್ಮ ಮಗಳು ಓದಿದ್ದು ಬೋವಾಬ್ ಮರದ ಬುಡದಲ್ಲಿ ಅಜ್ಜಿಯೊಡನೆ ಅವಲಕ್ಕಿ ತಿಂದ ಒಂದು ಮಧ್ಯಾಹ್ನ. ನಾನು ಸಾವಿರಾರು ಕಿ.ಮೀ. ಓಡಿಸಿ ತೋರಿಸಿದ ಕಮರಿಗಳು ಯಾವುವೂ ಅವಳ ಪುಟದಲ್ಲಿರಲಿಲ್ಲ. ಅವಳ ಅಜ್ಜಿ ಇದ್ದರು.

ಪದೇ ಪದೇ ಆಗುವ ತಪ್ಪು: ಓಡಿಸುತ್ತಿರುವವರನ್ನು ಈ ಮಾತಿಗೆ ಎಳೆಯುವುದು. ಕ್ಯಾರವಾನ್ ಎಳೆಯುವಾಗ ಚಾಲಕರಿಗೆ ಯಾವ ಪ್ರಶ್ನೆಯನ್ನೂ ಕೇಳಬೇಡಿ. ಅದರಲ್ಲೂ ಹಣದ, ಜಗಳದ ಮಾತು ಗಾಡಿ ನಿಂತ ಮೇಲೆಯೇ.

ಹಂತ 5: ಫೋಟೋ

ಒಂದು ನಿಲುಗಡೆಗೆ ಐದು ಫೋಟೋ. ಅದಕ್ಕಿಂತ ಹೆಚ್ಚು ಆರಿಸಬೇಡಿ, ಉಳಿದವನ್ನು ಅಳಿಸಲೂ ಬೇಡಿ. ಐದನ್ನು ಬೇರೆ ಕಡತಕ್ಕೆ ಹಾಕಿ, ಎರಡು ಡಿಸ್ಕಿಗೂ ನಕಲು ಮಾಡಿ, ಒಂದನ್ನು ಕಾರಿನಲ್ಲೂ ಇನ್ನೊಂದನ್ನು ಕ್ಯಾರವಾನಿನಲ್ಲೂ ಇಡಿ. ಉಲುರುವಿನ ಕೆಲವು ಭಾಗಗಳಲ್ಲಿ ಫೋಟೋ ತೆಗೆಯಬಾರದೆಂದು ಫಲಕ ಇದೆ. ಅರಿಯದೆ ತೆಗೆದಿದ್ದರೆ ಅವನ್ನು ಈಗಲೇ ಅಳಿಸಿ. ಅಳಿಸಬೇಕಾದವು ಅವು ಮಾತ್ರ.

ಹಂತ 6: ಅಡುಗೆಮನೆಯನ್ನು ಸೆಡೂನಾಗೆ ಹೊಂದಿಸಿ

ಪಶ್ಚಿಮದಿಂದ ಬರುವವರ ಹಣ್ಣು ತರಕಾರಿ ತಪಾಸಣೆ ಆಗುವುದು ಗಡಿಯಲ್ಲಲ್ಲ, ಗಡಿಯಿಂದ ಸುಮಾರು 500 ಕಿ.ಮೀ. ಒಳಗೆ ಸೆಡೂನಾದಲ್ಲಿ. ಗಡಿಯಲ್ಲಿ ಯಾರೂ ತಡೆಯಲಿಲ್ಲವೆಂದು ನಿರಾಳರಾದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಹಣ್ಣುನೊಣ ಹರಡದಂತೆ ತಡೆಯಲು ಈ ಕಟ್ಟಳೆ. ಹಣ್ಣುಗಳಷ್ಟೇ ಅಲ್ಲ, ಟೊಮೆಟೊ, ಬದನೆ, ಹಸಿಮೆಣಸಿನಕಾಯಿಯೂ ಇದರಲ್ಲಿ ಬರುತ್ತವೆ. ಬಚ್ಚಿಟ್ಟುಕೊಂಡರೆ ದಂಡ.

ನಾರ್ಸ್‌ಮನ್‌ನಲ್ಲಿಯೇ ಐದು ದಿನದ ಅಡುಗೆಯನ್ನು ಬರೆದುಕೊಳ್ಳಿ. ಹಸಿ ತರಕಾರಿ ಮೊದಲ ಮೂರು ದಿನಕ್ಕೆ ಮುಗಿಯಲಿ. ಆಮೇಲೆ ಬೇಳೆ ಸಾರು, ಹುಣಸೆ ಗೊಜ್ಜು, ಉಪ್ಪಿಟ್ಟು, ಚಟ್ನಿಪುಡಿ. ಮಕ್ಕಳ ಚೀಲವನ್ನು ನೀವೇ ಬಿಚ್ಚಿ ನೋಡಿ. ಅರ್ಧ ತಿಂದ ಸೇಬು ಸಿಗುವುದು ಅಲ್ಲಿಯೇ. ಕುಡಿಯುವ ನೀರನ್ನು ನಾರ್ಸ್‌ಮನ್‌ನಲ್ಲೇ ತುಂಬಿಕೊಳ್ಳಿ. ಬಯಲಿನ ರೋಡ್‌ಹೌಸುಗಳಿಗೆ ನೀರೇ ದುರ್ಲಭ, ನಿಮ್ಮ ಟ್ಯಾಂಕಿಗೆ ಕೊಡಲು ಅವರ ಬಳಿ ಇರುವುದಿಲ್ಲ.

ಹಂತ 7: ಇಳಿಸುವ ಮೊದಲು ತೂಗಿಸಿ

ಪೋರ್ಟ್ ಆಗಸ್ಟಾ ದಾಟಿದ ಮೇಲೆ ದಾರಿಯಲ್ಲಿ ಸಿಗುವ ಸಾರ್ವಜನಿಕ ತೂಕದ ಕಟ್ಟೆಯಲ್ಲಿ ಕ್ಯಾರವಾನನ್ನು ಇದ್ದ ಹಾಗೆಯೇ ತೂಗಿಸಿ. ಅದರ ಫಲಕದಲ್ಲಿ ಎಟಿಎಂ ಎಂದು ಕೆತ್ತಿರುವ ಸಂಖ್ಯೆ, ಅಂದರೆ ತುಂಬಿದ ಕ್ಯಾರವಾನಿಗೆ ಅನುಮತಿಸಿರುವ ಗರಿಷ್ಠ ತೂಕ, ಅದರೊಡನೆ ಹೋಲಿಸಿ. ಖಾಲಿ ಮಾಡಿದ ಮೇಲೆ ತೂಗಿಸಿದರೆ ಏನೂ ತಿಳಿಯುವುದಿಲ್ಲ.

ಆ ಸಂಜೆ ಕಪಾಟು ಕಪಾಟನ್ನೂ ತೆರೆದು, ಇಡೀ ಪ್ರವಾಸದಲ್ಲಿ ಒಮ್ಮೆಯೂ ಹೊರಬರದ ಸಾಮಾನುಗಳ ಪಟ್ಟಿ ಮಾಡಿ. ಸ್ಪ್ಯಾನರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವು ಬಳಕೆಯಾಗದಿದ್ದರೂ ಇರಬೇಕಾದವು. ಎರಡನೆಯ ಕುಕ್ಕರ್, ಆರನೆಯ ಕಂಬಳಿ ಇರಬೇಕಾದವಲ್ಲ.

ಹಣದ ಲೆಕ್ಕವೂ ಅಂದೇ. ಇಂಧನ, ತಂಗುವ ಜಾಗ, ಊಟ, ದುರಸ್ತಿ, ಪ್ರವೇಶ ಶುಲ್ಕ ಎಂದು ಐದು ಸಾಲು ಸಾಕು. ಒಟ್ಟು ಲೀಟರನ್ನು ನೂರರಿಂದ ಗುಣಿಸಿ ಒಟ್ಟು ಕಿಲೋಮೀಟರಿನಿಂದ ಭಾಗಿಸಿದರೆ 100 ಕಿ.ಮೀ.ಗೆ ಎಷ್ಟು ಕುಡಿಯಿತೆಂದು ಸಿಗುತ್ತದೆ. ನಮ್ಮದು 17 ಲೀಟರ್, ಎದುರುಗಾಳಿಯ ದಿನ 21. ಮುಂದಿನ ಪ್ರವಾಸಕ್ಕೆ ಇದಕ್ಕಿಂತ ನಂಬಿಕೆಯ ಸಂಖ್ಯೆ ಇನ್ನೆಲ್ಲೂ ಸಿಗದು.

ಹಂತ 8: ಕೊನೆಯ ರಾತ್ರಿ ಮನೆಯಿಂದ ಎರಡು ಗಂಟೆ ದೂರದಲ್ಲಿ

ಮನೆ ಎರಡೇ ಗಂಟೆ ದೂರ ಇರುವಾಗ ನಿಲ್ಲಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೂ ನಿಲ್ಲಿ. ಮೆಲ್ಬರ್ನಿಗೆ ಬರುವವರಿಗೆ ಅರಾರಾಟ್ ಇಲ್ಲವೇ ಬ್ಯಾಲರಾಟ್ ಸರಿಯಾದ ಜಾಗ. ದಣಿದ ಕಣ್ಣಿನಲ್ಲಿ, ಕತ್ತಲೆಯಲ್ಲಿ, ಸ್ವಂತ ಮನೆಯ ಗೇಟಿನೊಳಗೆ ಹಿಮ್ಮುಖವಾಗಿ ನುಗ್ಗಿಸುವಾಗ ಕಂಬಕ್ಕೆ ಉಜ್ಜಿದ ಕ್ಯಾರವಾನುಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಅಲ್ಲಿ ಮಾಡಬೇಕಾದವು: ಶೌಚದ ಪೆಟ್ಟಿಗೆಯನ್ನು ಡಂಪ್ ಪಾಯಿಂಟಿನಲ್ಲಿ ಖಾಲಿ ಮಾಡಿ ತೊಳೆಯುವುದು, ಕೊಳೆನೀರಿನ ಟ್ಯಾಂಕ್ ಬರಿದು ಮಾಡುವುದು, ಬಟ್ಟೆ ಒಗೆದು ಒಣಗಿಸುವುದು. ಆಮೇಲೆ ಪುಸ್ತಕದ ಕೊನೆಯ ಪುಟದಲ್ಲಿ 'ಮುಂದಿನ ಸಲ' ಎಂದು ತಲೆಬರಹ ಹಾಕಿ, ಒಬ್ಬೊಬ್ಬರೂ ಒಂದೊಂದು ಸಾಲು ಬರೆಯಿರಿ. ನನ್ನ ಹೆಂಡತಿಯ ಸಾಲು: ಮೂರು ದಿನಕ್ಕೊಮ್ಮೆ ನಾನು ಅಡುಗೆ ಮಾಡುವುದಿಲ್ಲ. ಅದರ ಕೆಳಗೆ ನಾನು ಸಹಿ ಹಾಕಿದ್ದೇನೆ.

ಮಾರನೆಯ ದಿನ ಮಧ್ಯಾಹ್ನಕ್ಕೆ ಮೊದಲು, ಬೆಳಕಿರುವಾಗ ಮನೆ ಸೇರಿ.

ಹಂತ 9: ಮನೆಯ ದಿನ, ಮತ್ತು ಅದರ ನಂತರದ ವಾರ

ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ. ತಿನ್ನುವ ಪದಾರ್ಥವೆಲ್ಲ ಹೊರಗೆ ಬರಲಿ, ಒಂದು ಪೊಟ್ಟಣ ಸಕ್ಕರೆ ಉಳಿದರೂ ಇರುವೆ ಸಾಲುಗಟ್ಟುತ್ತದೆ. ಫ್ರಿಜ್ ಆರಿಸಿ, ಒರೆಸಿ, ಬಾಗಿಲು ತೆರೆದು ಕಟ್ಟಿ. ನೀರಿನ ಟ್ಯಾಂಕು, ಬಿಸಿನೀರಿನ ಪಾತ್ರೆ, ನಲ್ಲಿಗಳು ಪೂರ್ತಿ ಬರಿದಾಗಲಿ. ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಕಿಟಕಿಗಳು ಎರಡು ಹಗಲು ತೆರೆದಿದ್ದು ಒಳಗೆಲ್ಲ ಒಣಗಿದ ಮೇಲೆಯೇ ಹೊದಿಕೆ ಹಾಕಿ. ತೇವವಿರುವಾಗ ಹೊದಿಕೆ ಹಾಕುವುದೇ ಬೂಷ್ಟಿಗೆ ಮೊದಲ ಕಾರಣ.

ಬ್ಯಾಟರಿಯ ವಿಷಯದಲ್ಲಿ ಗೊಂದಲ ಬೇಡ. ಲಿಥಿಯಂ ಆದರೆ ಅರ್ಧದಷ್ಟು ಚಾರ್ಜ್ ಉಳಿಸಿ ತಂತಿ ಬಿಡಿಸಿ. ಹಳೆಯ ಸೀಸದ ಬ್ಯಾಟರಿಯಾದರೆ ಪೂರ್ತಿ ಚಾರ್ಜ್ ಮಾಡಿಯೇ ಇಡಬೇಕು.

ದುರಸ್ತಿ ಪಟ್ಟಿಯ ನಕಲನ್ನು ಮೊದಲ ವಾರದೊಳಗೆ ವರ್ಕ್‌ಶಾಪಿಗೆ ಕೊಡಿ. ಅಂಟುಪಟ್ಟಿಯ ಸಂಖ್ಯೆಗಳು ಗಾಡಿಯ ಮೇಲೆ ಹಾಗೆಯೇ ಇರಲಿ. ನೋಟ್‌ಬುಕ್ಕುಗಳಲ್ಲಿ 'ಯಾರು ಏನು ಕೊಟ್ಟರು' ಎಂಬ ಉತ್ತರಗಳನ್ನು ತೆರೆದು, ವಿಳಾಸವೋ ಸಂಖ್ಯೆಯೋ ಇರುವವರಿಗೆ ನಾಲ್ಕು ಸಾಲು ಬರೆದು ಕಳಿಸಿ. ಎರಡನೆಯ ವಾರಕ್ಕೆ ತಳ್ಳಿದರೆ ಈ ಕೆಲಸ ಆಗುವುದಿಲ್ಲ.

ಮೊದಲ ಕೆಲವು ದಿನ ಮನೆ ವಿಪರೀತ ದೊಡ್ಡದಾಗಿ, ಸದ್ದಿಲ್ಲದಂತೆ ಕಾಣುತ್ತದೆ. ಒಂದೇ ಕೋಣೆಯಲ್ಲಿ ಮಲಗಿ ರೂಢಿಯಾದ ಮಕ್ಕಳಿಗೆ ನಿದ್ದೆ ಬರುವುದಿಲ್ಲ. ನಮ್ಮ ಮಗಳು ಎರಡನೆಯ ರಾತ್ರಿ ದಿಂಬು ಹಿಡಿದು ಬಂದು, 'ಅಪ್ಪಾ, ಅಜ್ಜಿ ಮತ್ತು ನಾನು ಹೊರಗೆ ಗಾಡಿಯಲ್ಲೇ ಮಲಗಲೇ?' ಎಂದು ಕೇಳಿದಳು. ಗೋಡೆಗೆ ಒರಗಿಸಿದ್ದ ಹಾಸಿಗೆಯನ್ನು ಮತ್ತೆ ಇಳಿಸಿ ಹಾಸಿಕೊಟ್ಟೆ. ಹೊದಿಕೆ ಹಾಕುವುದು ಇನ್ನೂ ಮೂರು ದಿನ ಮುಂದೆ ಹೋಯಿತು. ಗಾಡಿ ಅಷ್ಟರಲ್ಲಿ ಚೆನ್ನಾಗಿ ಒಣಗಿತ್ತು.